ಮೂಲೆಯಿಂದ ನಡುವಿಗೆ ಬಂದ ಬಟನ್

ಜಹೀರಾಬಾದಿನ ಪೇಟೆಯಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ಹಿರಿಯ ಡಿ.ಟಿ.ಪಿ. ಕೆಲಸಗಾರರೊಬ್ಬರಿದ್ದಾರೆ. ನ್ಯಾಲ್ಕಲ್ ಸುತ್ತಿನ ಹಳ್ಳಿಗಳಲ್ಲಿ ಮದುವೆ ಗೊತ್ತಾಯಿತೆಂದರೆ ಲಗ್ನಪತ್ರಿಕೆಗೆ, ಜಾತ್ರೆ ಬಂತೆಂದರೆ ಕರಪತ್ರಕ್ಕೆ, ಪರೀಕ್ಷೆ ಬಂತೆಂದರೆ ಕನ್ನಡ ಶಾಲೆಯ ಪ್ರಶ್ನೆಪತ್ರಿಕೆಗೆ ಜನ ಹುಡುಕಿಕೊಂಡು ಹೋಗುವುದು ಅವರ ಅಂಗಡಿಯನ್ನೇ. ಆ ಬೀದಿಯಲ್ಲಿ ತೆಲುಗು, ಉರ್ದು, ಇಂಗ್ಲಿಷ್ ಟೈಪು ಮಾಡುವವರಿಗೆ ಕೊರತೆಯಿಲ್ಲ. ಕನ್ನಡಕ್ಕೆ, ನಾನು ಬಲ್ಲಂತೆ, ಅವರೊಬ್ಬರೇ. ಕಳೆದ ತಿಂಗಳ ಒಂದು ಮುಂಜಾನೆ ನಾನು ಹೋದಾಗ ಅಂಗಡಿಯ ಬಾಗಿಲು ತೆರೆದಿತ್ತು, ಕಂಪ್ಯೂಟರಿನ ಪರದೆ ಬೆಳಗುತ್ತಿತ್ತು, ಅವರು ಮಾತ್ರ ಕೈಕಟ್ಟಿಕೊಂಡು ಕುಳಿತಿದ್ದರು.

“ಯಾಕ್ರೀ ಕಾಕಾ, ಸುಮ್ಮ ಕುಂತೀರಿ? ಕರೆಂಟ್ ಹೋಗ್ಯಾದೇನು?”

“ಕರೆಂಟ್ ಅದರೀ ಮಾಸ್ತರೆ. ಬಟನ್ ಹೋಗ್ಯಾದ.”

ಅವರ ತಮ್ಮನ ಮಗ, ಪಾಲಿಟೆಕ್ನಿಕ್ ಓದುವ ಹುಡುಗ, ನಗುತ್ತ ಒಳಗಿನಿಂದ ಬಂದ. “ಎಲ್ಲೂ ಹೋಗಿಲ್ಲ ದೊಡ್ಡಪ್ಪಾ. ನಡುವಿಗಿ ಬಂದಾದ ನೋಡ್ರಿ.”

ಹಿಂದಿನ ವಾರವಷ್ಟೇ ಅಂಗಡಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದರಲ್ಲಿ ಇದ್ದದ್ದು ವಿಂಡೋಸ್ 10. ಅದಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದ ವಿಷಯವನ್ನು ಓದುಗರಲ್ಲಿ ಹಲವರು ಬಲ್ಲಿರಿ. ಇನ್ನು ಮೇಲೆ ಇದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಕ್ಷೇಮವಲ್ಲವೆಂದು ಹುಡುಗ ಹಟ ಹಿಡಿದ. ಹಳೆಯ ಯಂತ್ರದ ಮೇಲೆಯೇ ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಒಂದು ತಲೆಮಾರಿನ ಈಚಿನ ಪ್ರೊಸೆಸರ್ ಬೇಕು. ಕಾಕಾ ಅವರ ಯಂತ್ರದಲ್ಲಿ ಎರಡೂ ಇರಲಿಲ್ಲ. ಹೀಗಾಗಿ ಕೆಲಸಕ್ಕೆ ಯಾವ ಕುಂದೂ ಇಲ್ಲದಿದ್ದ ಯಂತ್ರವು ಮೂಲೆ ಸೇರಿತು. ಮೂಲೆಯಲ್ಲಿದ್ದ ಬಟನ್ ನಡುವಿಗೆ ಬಂತು.

ಈ ಬಟನ್ನಿಗೊಂದು ಇತಿಹಾಸವಿದೆ. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಪರದೆಯ ಕೆಳಗಿನ ಎಡಮೂಲೆಯಲ್ಲಿ ‘ಸ್ಟಾರ್ಟ್’ ಎಂಬ ಬಟನ್ ಮೊದಲು ಕಾಣಿಸಿಕೊಂಡಿತು. ಅದನ್ನೊತ್ತಿದರೆ ಯಂತ್ರದಲ್ಲಿರುವ ಸಾಮಗ್ರಿಯೆಲ್ಲ ಪಟ್ಟಿಯಾಗಿ ತೆರೆದುಕೊಳ್ಳುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಹಸಿರು ಬಣ್ಣ ತಾಳಿತು. ನಮ್ಮ ಮಂಡಲ ಕಚೇರಿಗಳಿಂದ ಹಿಡಿದು ಬೀದರಿನ ಸೈಬರ್ ಕೆಫೆಗಳವರೆಗೆ ಎಲ್ಲೆಡೆ ಕಾಣುತ್ತಿದ್ದ ಆ ಹಸಿರು ದಿಣ್ಣೆ ಮತ್ತು ನೀಲಿ ಆಕಾಶದ ಚಿತ್ರ ಆ ಕಾಲದ್ದು. ಅದು ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಓ’ರಿಯರ್ ಎಂಬವರು ತೆಗೆದ ನಿಜವಾದ ಛಾಯಾಚಿತ್ರ. ನಮ್ಮ ಕಾಕಾ ಮಾತ್ರ ಅದನ್ನು ಮಳೆಗಾಲದ ಮಂಜೀರಾ ದಂಡೆಯೆಂದೇ ಬಹಳ ವರ್ಷ ನಂಬಿದ್ದರು; ನಾನೂ ತಿದ್ದಲು ಹೋಗಲಿಲ್ಲ.

ಬಣ್ಣ ಬದಲಾಯಿತು, ಆಕಾರ ಬದಲಾಯಿತು, ಆದರೆ ಹದಿನೇಳು ವರ್ಷ ಅದರ ಸ್ಥಳ ಬದಲಾಗಲಿಲ್ಲ. 2012ರ ಅಕ್ಟೋಬರ್ 26ರಂದು ಬಂದ ವಿಂಡೋಸ್ 8ರಲ್ಲಿ ಆ ಬಟನ್ನನ್ನೇ ತೆಗೆದುಹಾಕಿದರು. ಬೆರಳಿನಿಂದ ಮುಟ್ಟಿ ನಡೆಸುವ ಪರದೆಗಳ ಕಾಲ ಬಂತೆಂದು ಬಗೆದು, ಪರದೆಯ ತುಂಬ ಬಣ್ಣದ ಚೌಕಗಳನ್ನು ಹರಡಿದರು. ಮೌಸು ಹಿಡಿದು ಕುಳಿತ ಜಗತ್ತು ಕಂಗೆಟ್ಟಿತು. ಗದ್ದಲ ಎಷ್ಟಾಯಿತೆಂದರೆ ಒಂದು ವರ್ಷ ತುಂಬುವುದರೊಳಗೆ, 2013ರ ಅಕ್ಟೋಬರ್ 17ರಂದು, ವಿಂಡೋಸ್ 8.1ರಲ್ಲಿ ಬಟನ್ನನ್ನು ಮರಳಿ ತಂದರು. 2015ರ ಜುಲೈ 29ರ ವಿಂಡೋಸ್ 10ರಲ್ಲಿ ಅದರ ಪಟ್ಟಿಯೂ ಮರಳಿತು. ಆಮೇಲೆ 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11 ಅದನ್ನು ಎಡಮೂಲೆಯಿಂದ ಎತ್ತಿ ಪರದೆಯ ಬುಡದ ಮಧ್ಯಕ್ಕೆ ತಂದು ಕೂಡಿಸಿತು.

ಇದಕ್ಕೆ ಬಂದ ಪ್ರತಿಕ್ರಿಯೆಗಳು ಒಂದೇ ಬಗೆಯವಲ್ಲ. ಹುಡುಗನನ್ನು ಕೇಳಿದರೆ ಹೊಸ ರೂಪ ಚೆಲುವಾಗಿದೆ, ಕಿಟಕಿಗಳ ಅಂಚು ದುಂಡಗಾಗಿವೆ, ಎಲ್ಲವೂ ಮೊಬೈಲಿನಂತೆ ಕಣ್ಣೆದುರಿಗೇ ಇದೆ ಎನ್ನುತ್ತಾನೆ. ಅವನು ಕಂಪ್ಯೂಟರಿಗಿಂತ ಮೊದಲು ಮೊಬೈಲನ್ನು ಕೈಗೆ ತೆಗೆದುಕೊಂಡವನು. ಅವನಿಗೆ ಇದು ತವರಿನ ಅಂಗಳ. ಅಗಲವಾದ ಪರದೆಗಳಲ್ಲಿ ಮೂಲೆಗೆ ಹೋಗುವುದಕ್ಕಿಂತ ನಡುವಿಗೆ ಹೋಗುವುದು ಹತ್ತಿರವೆಂಬ ವಾದವೂ ಇದೆ. ಅದನ್ನು ನಾನು ಅಲ್ಲಗಳೆಯಲಾರೆ.

ಆದರೆ ಮೂಲೆಗೊಂದು ಗುಣವಿದೆ. ಮೌಸನ್ನು ಕಣ್ಣುಮುಚ್ಚಿ ಮೂಲೆಯತ್ತ ಎಸೆದರೂ ಬಾಣದ ಗುರುತು ಅಲ್ಲಿಯೇ ಹೋಗಿ ತಗಲಿ ನಿಲ್ಲುತ್ತದೆ. ದಾಟಿ ಹೋಗಲು ಆಚೆ ಜಾಗವೇ ಇಲ್ಲ. ಗುರಿ ಎಷ್ಟು ದೊಡ್ಡದಾಗಿ ಎಷ್ಟು ಹತ್ತಿರವಿದ್ದರೆ ಕೈ ಎಷ್ಟು ಬೇಗ ತಲುಪುತ್ತದೆಂಬುದನ್ನು ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಸೂತ್ರವಾಗಿ ಬರೆದಿದ್ದಾನೆ. ಆ ಲೆಕ್ಕದಲ್ಲಿ ಪರದೆಯ ಮೂಲೆಗಳು ಬಲು ದೊಡ್ಡ ಗುರಿಗಳು. ನಡುವಿಗೆ ಬಂದ ಬಟನ್ನಿನ ತೊಡಕು ಬೇರೆಯೇ. ಅದು ಒಂದೆಡೆ ನಿಲ್ಲುವುದಿಲ್ಲ. ಸಾಲಿನಲ್ಲಿರುವ ಚಿಹ್ನೆಗಳೆಲ್ಲ ಒಟ್ಟಾಗಿ ಮಧ್ಯಕ್ಕೆ ಹೊಂದಿಕೊಳ್ಳುವುದರಿಂದ ನೀವು ಒಂದೊಂದೇ ಕೆಲಸವನ್ನು ತೆರೆದಂತೆ ಆ ಬಟನ್ ಒಂದೊಂದೇ ಹೆಜ್ಜೆ ಎಡಕ್ಕೆ ಸರಿಯುತ್ತದೆ. ಮುಚ್ಚಿದಂತೆ ಬಲಕ್ಕೆ ಬರುತ್ತದೆ. ಕಾಕಾ ಇದನ್ನು ನನಗಿಂತ ಮೊದಲು ಕಂಡುಹಿಡಿದಿದ್ದರು. “ಇದು ಗೂಟಕ್ಕ ಕಟ್ಟಿದ ಎಮ್ಮಿ ಅಲ್ಲರೀ ಮಾಸ್ತರೆ, ಬಿಟ್ಟ ಎಮ್ಮಿ” ಎಂದರು.

ಇಷ್ಟಕ್ಕೇ ಆಗಿದ್ದರೆ ಇದು ಹಳಬರಿಗೂ ಹೊಸಬರಿಗೂ ಇರುವ ಎಂದಿನ ಜಗಳವೆಂದು ಬಿಟ್ಟುಬಿಡುತ್ತಿದ್ದೆ. ಆ ಮುಂಜಾನೆ ಅವರ ಪಕ್ಕದಲ್ಲಿ ಎರಡು ತಾಸು ಕುಳಿತ ಮೇಲೆ ವಿಷಯ ಬೇರೆಯೆಂದು ತಿಳಿಯಿತು. ಕಾಕಾ ಕನ್ನಡ ಮೂರು ಕಾಲಂ ಪುಟವನ್ನು ಅರ್ಧ ತಾಸಿನಲ್ಲಿ ಜೋಡಿಸಬಲ್ಲರು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ಅವರ ಬೆರಳುಗಳಲ್ಲೇ ನೆಲೆಸಿದೆ. ಪರದೆಯ ಮೇಲಿರುವ ಇಂಗ್ಲಿಷ್ ಮಾತುಗಳನ್ನು ಮಾತ್ರ ಅವರು ಓದುವುದಿಲ್ಲ. ಇಪ್ಪತ್ತು ವರ್ಷಗಳಿಂದ ಓದಿಲ್ಲ. ಮೇಲಿನಿಂದ ಮೂರನೆಯ ಸಾಲು ಎಂದರೆ ನಕಲು. ಅದರ ಕೆಳಗಿನದು ಅಂಟಿಸುವುದು. ಎಡಮೂಲೆಯಿಂದ ಎರಡನೆಯದನ್ನು ಒತ್ತಿದರೆ ಕಡತಗಳು. ಅವರ ಪಾಲಿಗೆ ಪರದೆಯೆಂಬುದು ಓದುವ ಪುಟವಾಗಿರದೆ ನಡೆದಾಡುವ ಮನೆಯಾಗಿತ್ತು. ಕತ್ತಲೆಯಲ್ಲೂ ದೀಪದ ಗೂಡು ಎಲ್ಲಿದೆಯೆಂದು ಕೈಗೆ ಗೊತ್ತಿರುವ ಹಾಗೆ.

ಹೊಸ ವಿಂಡೋಸಿನಲ್ಲಿ ಮೌಸಿನ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯನ್ನು ನೋಡಿರಿ. 2021ರಲ್ಲಿ ಕತ್ತರಿಸು, ನಕಲಿಸು, ಅಂಟಿಸು ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ತೆಗೆದು ಬರಿಯ ಚಿತ್ರಗಳನ್ನಿಟ್ಟರು. ಆ ಚಿತ್ರಗಳ ಸಾಲು ಕೆಲವೊಮ್ಮೆ ಪಟ್ಟಿಯ ತಲೆಯಲ್ಲಿ, ಕೆಲವೊಮ್ಮೆ ಬುಡದಲ್ಲಿ ಕಾಣುತ್ತದೆ. ನೀವು ಪರದೆಯ ಯಾವ ಭಾಗದಲ್ಲಿ ಒತ್ತಿದ್ದೀರೆಂಬುದರ ಮೇಲೆ ಅದು ನಿರ್ಧಾರವಾಗುತ್ತದೆ. ಹಳೆಯ ಉದ್ದದ ಪಟ್ಟಿ ಬೇಕಾದರೆ ಇನ್ನೊಮ್ಮೆ ಒತ್ತಬೇಕು. ಪದಗಳು ಹೋದವೆಂದು ಇಂಗ್ಲಿಷ್ ಓದಬಲ್ಲವರು ದೂರಿದರು. ಆ ದೂರು ಕೇಳಿಸಿತು: 2024ರ ಪರಿಷ್ಕರಣದಲ್ಲಿ ಚಿತ್ರಗಳ ಕೆಳಗೆ ಪದಗಳು ಮರಳಿ ಬಂದವು. ಸಾಲುಗಳು ಹಳೆಯ ಸ್ಥಳಕ್ಕೆ ಮರಳಲಿಲ್ಲ. ಪದವನ್ನು ಓದುವವನು ಸ್ಥಳ ಬದಲಾದರೆ ಒಂದು ವಾರ ಗೊಣಗುತ್ತಾನೆ, ಆಮೇಲೆ ಓದಿಕೊಂಡು ಹೋಗುತ್ತಾನೆ. ಸ್ಥಳವನ್ನೇ ನಂಬಿದವನ ಬಳಿ ಓದಿಕೊಳ್ಳಲು ಏನೂ ಇರುವುದಿಲ್ಲ. ಮಿಶ್ರ ಪ್ರತಿಕ್ರಿಯೆ ಎಂದು ನಾವು ಕೇಳುವುದೆಲ್ಲ ಮೊದಲನೆಯವನ ಮೆಚ್ಚುಗೆ ಮತ್ತು ಅವನದೇ ಗೊಣಗಾಟ. ಎರಡನೆಯವನು ದೂರು ಬರೆಯುವ ಜಾಗವೂ ಅವನು ಓದಲಾಗದ ಪರದೆಯ ಒಳಗೇ ಇದೆ.

ಹಾಗಾದರೆ ಪರದೆಯನ್ನೇ ಕನ್ನಡವಾಗಿಸಬಾರದೇಕೆ ಎಂದು ನೀವು ಕೇಳುವಿರಿ. ನಾನೂ ಕೇಳಿದೆ, ಕೇಳಿದ್ದಷ್ಟೇ ಅಲ್ಲ, ಮಾಡಿಯೂ ಬಿಟ್ಟೆ. ವಿಂಡೋಸ್ 11ಕ್ಕೆ ಕನ್ನಡದ ಭಾಷಾ ಪೊಟ್ಟಣವಿದೆ, ಅದಕ್ಕೆ ಬೇರೆ ಹಣ ಕೊಡಬೇಕಿಲ್ಲ. ಹುಡುಗನ ನೆರವಿನಿಂದ ಅದನ್ನು ಇಳಿಸಿಕೊಂಡು ಹಾಕಿದೆವು. ಪರದೆಯ ಬಹುಭಾಗ ಕನ್ನಡವಾಯಿತು. ನನ್ನ ಎದೆಯುಬ್ಬಿತು. ಕಾಕಾ ಕನ್ನಡಕ ಏರಿಸಿಕೊಂಡು ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದರು, ಕೆಲವಕ್ಕೆ ತಲೆದೂಗಿದರು, ಕೆಲವಕ್ಕೆ ನಕ್ಕರು. ಫೈಲು, ಸೇವು, ಪ್ರಿಂಟು ಅವರ ಬಾಯಲ್ಲಿ ಎಂದೋ ಕನ್ನಡವಾಗಿವೆ. ಅವುಗಳಿಗೆ ಕಟ್ಟಿದ ಹೊಸ ಪದಗಳನ್ನು ಅವರು ಮತ್ತೆ ಮನಸ್ಸಿನಲ್ಲಿ ಫೈಲು, ಸೇವು ಎಂದು ಬಿಡಿಸಿಕೊಳ್ಳಬೇಕಾಗುತ್ತಿತ್ತು.

ಅದಾದರೂ ಅಭ್ಯಾಸವಾಗುತ್ತಿತ್ತೇನೋ. ಮಧ್ಯಾಹ್ನ ಪ್ರಿಂಟರ್ ಓಡದಿದ್ದಾಗ ನಿಜವಾದ ಕಷ್ಟ ಬಂತು. ಕಾಲೇಜಿಗೆ ಹೋಗಿದ್ದ ಹುಡುಗ ಫೋನಿನಲ್ಲಿ ‘ಸೆಟ್ಟಿಂಗ್ಸ್ ಒತ್ತಿರಿ, ಡಿವೈಸಸ್ ಒತ್ತಿರಿ’ ಎಂದು ಹೇಳುತ್ತಾನೆ. ಪರದೆಯ ಮೇಲೆ ಆ ಎರಡೂ ಮಾತಿಲ್ಲ. ಪಕ್ಕದ ತೆಲುಗು ಅಂಗಡಿಯವನು ಓಡಿಬಂದ. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಸಂಜೆಯ ಹೊತ್ತಿಗೆ ಕಾಕಾ ಅವರೇ ಪರದೆಯನ್ನು ಇಂಗ್ಲಿಷಿಗೆ ಮರಳಿಸಲು ಹೇಳಿದರು. ನಾನು ಅಭಿಮಾನದಿಂದ ಮಾಡಿದ ಕೆಲಸ ಅವರನ್ನು ಇಡೀ ಬೀದಿಯಲ್ಲಿ ಒಂಟಿಯಾಗಿಸಿತ್ತು. ಕನ್ನಡದ ಪರದೆ ಇದ್ದರೆ ಸಾಲದು, ಆ ಪರದೆಯ ಮುಂದೆ ಕುಳಿತವನಿಗೆ ಕನ್ನಡದಲ್ಲೇ ದಾರಿ ಹೇಳುವ ಇನ್ನೊಬ್ಬನಿರಬೇಕು. ನಮ್ಮ ಗಡಿಯಲ್ಲಿ ಆ ಇನ್ನೊಬ್ಬನು ಎಲ್ಲಿಂದ ಬರಬೇಕು?

ಕಾಸರಗೋಡಿನ ಕನ್ನಡಿಗರ ಸಂಗತಿ ಇಲ್ಲಿ ನೆನಪಾಗುತ್ತದೆ. ಕೇರಳ ಸರಕಾರವು ಐಟಿ@ಸ್ಕೂಲ್ ಎಂಬ ಯೋಜನೆಯನ್ನು 2001ರಲ್ಲಿ ಆರಂಭಿಸಿ, ಮುಂದೆ ಅದನ್ನು ‘ಕೈಟ್’ ಎಂಬ ಸಂಸ್ಥೆಯಾಗಿಸಿತು. ಅಲ್ಲಿನ ಶಾಲೆಗಳ ಕಂಪ್ಯೂಟರುಗಳು ಯಾವ ಕಂಪನಿಯ ಸೊತ್ತೂ ಆಗಿರದ ಲಿನಕ್ಸಿನ ಮೇಲೆ ನಡೆಯುತ್ತವೆ. ಕಂಪ್ಯೂಟರ್ ಕಲಿಸುವ ಪಠ್ಯಪುಸ್ತಕ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ ಉಂಟು. ಯಾವ ಬಟನ್ನಿಗೆ ಕನ್ನಡದಲ್ಲಿ ಏನೆನ್ನುತ್ತಾರೆಂದು ಆ ಮಗು ಪುಸ್ತಕದಲ್ಲಿ ಓದಿ, ಪಕ್ಕದ ಮಗುವಿಗೆ ಹೇಳಬಲ್ಲದು. ನಾನು ಮೇಲೆ ಕೇಳಿದ ಇನ್ನೊಬ್ಬನು ತಯಾರಾಗುವುದು ಹಾಗೆ. ಭಾಷಾ ಅಲ್ಪಸಂಖ್ಯಾತರಿಗೆ ಒಂದು ರಾಜ್ಯ ಮಾಡಬಹುದಾದ ಉಪಕಾರಗಳಲ್ಲಿ ಇದು ಸಣ್ಣದೇನಲ್ಲ. ನಮ್ಮ ಕಡೆ ಕನ್ನಡ ಶಾಲೆಗೆ ಕನ್ನಡ ಬಲ್ಲ ಉಪಾಧ್ಯಾಯರು ಸಿಕ್ಕರೆ ಸಾಕೆಂಬ ಸ್ಥಿತಿಯಲ್ಲಿರುವವರು ನಾವು. ಕಂಪ್ಯೂಟರಿನ ಕನ್ನಡ ಪುಸ್ತಕದ ಮಾತೆತ್ತಲು ನಾಚಿಕೆಯಾಗುತ್ತದೆ. ಆದರೂ ಎತ್ತಿದ್ದೇನೆ.

ಒಂದು ದೃಷ್ಟಿಯಿಂದ ನಮ್ಮವರಿಗೆ ಈ ಅನುಭವ ಹೊಸದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ನ್ಯಾಲ್ಕಲ್ ಸರ್ಕಲ್ಲು ಬೀದರ್ ತಾಲ್ಲೂಕಿಗೆ ಸೇರಿತ್ತು. ಆ ವರ್ಷದ ನವೆಂಬರ್ 1ರಂದು ಅದು, ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳೊಡನೆ, ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೆ ಹೋಯಿತು. ಗುಲ್ಬರ್ಗಾ ಜಿಲ್ಲೆಯ ತಾಂಡೂರೂ ಈಚೆಗೆ ಬಂತು. ಹೊಲ ಅದೇ, ಬಾವಿ ಅದೇ, ಮಂಜೀರಾ ಅದೇ. ಅರ್ಜಿ ಕೊಡುವ ಕಚೇರಿಯ ದಿಕ್ಕು ಬದಲಾಯಿತು, ಫಲಕದ ಲಿಪಿ ಬದಲಾಯಿತು. ನಿಜಾಮರ ಕಾಲದ ಉರ್ದು ಕಾಗದಗಳನ್ನು ಕಷ್ಟಪಟ್ಟು ಓದಿಸಿಕೊಳ್ಳುತ್ತಿದ್ದ ಅಜ್ಜಂದಿರು ಈಗ ತೆಲುಗು ಕಾಗದಗಳನ್ನು ಓದಿಸಿಕೊಳ್ಳತೊಡಗಿದರು. 2014ರಲ್ಲಿ ರಾಜ್ಯದ ಹೆಸರು ಬದಲಾಯಿತು, 2016ರಲ್ಲಿ ಜಿಲ್ಲೆ ಸಂಗಾರೆಡ್ಡಿಯಾಯಿತು. ಪಹಣಿ, ಪಟ್ಟಾ ಎಂಬ ಪದಗಳು ಮಾತ್ರ ಈ ಎಲ್ಲದರ ನಡುವೆ ಕದಲದೆ ಉಳಿದಿರುವುದು ಕುತೂಹಲದ ಸಂಗತಿ. ಕಚೇರಿಯನ್ನು ಎಷ್ಟೇ ಬದಲಿಸಿದರೂ, ರೈತ ಕೈಯಿಟ್ಟು ಹಿಡಿದಿದ್ದ ನಾಲ್ಕು ಪದಗಳನ್ನು ಯಾರೂ ಕೀಳಲಿಲ್ಲ. ಪರದೆ ರೂಪಿಸುವವರಿಗೆ ಆ ಹಳೆಯ ಗುಮಾಸ್ತರಷ್ಟು ಸೂಕ್ಷ್ಮ ಇಲ್ಲವೆನ್ನಬೇಕೆ? ಇರಲಿ, ವಿಷಯಕ್ಕೆ ಬರುತ್ತೇನೆ.

ಬದಲಾವಣೆಯೇ ಬೇಡವೆಂಬುದು ನನ್ನ ಮಾತಲ್ಲ. ಇಷ್ಟವಿಲ್ಲದವನಿಗೆ ಹಳೆಯ ಮನೆಯಲ್ಲಿ ಉಳಿಯುವ ಅವಕಾಶವಿದೆಯೇ ಎಂಬುದು ನನ್ನ ಪ್ರಶ್ನೆ. ಲಿನಕ್ಸಿನ ಲೋಕದಲ್ಲಿ 2011ರಲ್ಲಿ ಗ್ನೋಮ್ ಎಂಬ ಪರದೆಯ ವಿನ್ಯಾಸವನ್ನು ಪೂರ್ತಿ ಬದಲಿಸಿದಾಗ ದೊಡ್ಡ ಜಗಳವೇ ನಡೆಯಿತು. ಲಿನಕ್ಸಿನ ಜನಕ ಲೀನಸ್ ಟೋರ್ವಾಲ್ಡ್ಸ್ ಅವರೇ ಮುನಿಸಿಕೊಂಡು ಬೇರೆ ಪರದೆಗೆ ಹೋದರು. ಹಳೆಯ ರೂಪವನ್ನು ಮೆಚ್ಚಿದವರು ಅದರ ಮೂಲವನ್ನೇ ಎತ್ತಿಕೊಂಡು ‘ಮಾಟೆ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಅದು ಇಂದಿಗೂ ಇದೆ. ವಿಂಡೋಸ್ 11ರಲ್ಲಾದರೆ ಬಟನ್ನನ್ನು ಎಡಕ್ಕೆ ಮರಳಿಸಿಕೊಳ್ಳುವ ಅನುಕೂಲವನ್ನು ಮೊದಲ ದಿನದಿಂದಲೇ ಇಟ್ಟಿದ್ದಾರೆ, ಅಷ್ಟು ಮೆಚ್ಚಬೇಕು. ಆದರೆ ಆ ಅನುಕೂಲವಿರುವ ಜಾಗಕ್ಕೆ ಹೋಗಲು ನಾಲ್ಕು ಇಂಗ್ಲಿಷ್ ಮಾತು ಓದಬೇಕು. ಮೊಬೈಲಿನ ಲೋಕದಲ್ಲೂ ಇದೇ ನಡೆದಿದೆ. 2025ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯು ಐಫೋನಿನ ಪರದೆಯನ್ನೆಲ್ಲ ಗಾಜಿನಂತೆ ಪಾರದರ್ಶಕವಾಗಿಸಿತು. ಕೆಲವರು ಕಣ್ಣಿಗೆ ಹಬ್ಬವೆಂದರು, ಕೆಲವರು ಅಕ್ಷರವೇ ಕಾಣದೆಂದರು. ಗಾಜಿನ ಬಣ್ಣವನ್ನು ಗಾಢವಾಗಿಸುವ ಆಯ್ಕೆಯನ್ನು ಆಮೇಲಿನ ಪರಿಷ್ಕರಣದಲ್ಲಿ ಸೇರಿಸಿದರು. ಕೂಗಿದವರ ದನಿ ಮುಟ್ಟುವ ದೂರದಲ್ಲಿತ್ತು.

ಇನ್ನು ನನ್ನ ಸ್ವಂತ ಸಂಕಟ. ಈ ಬರಹಕ್ಕೆ ಕಾರಣವೇ ಅದು ಎಂದರೂ ತಪ್ಪಿಲ್ಲ. ಉಪಾಧ್ಯಾಯನಾಗಿದ್ದಾಗ ನ್ಯಾಲ್ಕಲ್ ಭಾಗದ ಹಳ್ಳಿಗಳಲ್ಲಿ ಮುದುಕಿಯರು ಹೇಳಿದ ಬೀಸುವ ಪದಗಳನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೆ. ಹದಿನೈದು ವರ್ಷಗಳ ಹಿಂದೆ ಕಾಕಾ ಅವುಗಳನ್ನು ಪೇಜ್‌ಮೇಕರಿನಲ್ಲಿ ಜೋಡಿಸಿಕೊಟ್ಟರು. ಹಾಡಿದವರಲ್ಲಿ ಈಗ ಉಳಿದವರು ಇಬ್ಬರೇ. ನೋಟುಪುಸ್ತಕಗಳನ್ನು ಗೆದ್ದಲು ತಿಂದಿದೆ. ಹೊಸ ಯಂತ್ರದಲ್ಲಿ ಆ ಕಡತವನ್ನು ತೆರೆದಾಗ ಪರದೆಯ ತುಂಬ ಮೀಸೆ, ಬಾಲ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು ಕಂಡವು. ಒಂದು ಕ್ಷಣ ನನ್ನ ಕೈಕಾಲು ತಣ್ಣಗಾದವು.

ತಪ್ಪು ಯಾರದೂ ಅಲ್ಲ, ಕಾಲದ್ದು. ಹಳೆಯ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯೊಳಗೇ ಕನ್ನಡದ ಚೂರುಗಳನ್ನು ಕೂಡಿಸಿಕೊಂಡು ಬದುಕಿದ್ದವು. ಆ ಫಾಂಟನ್ನು ಹೊಸ ಯಂತ್ರಕ್ಕೆ ಹಾಕದಿದ್ದರೆ ಒಳಗಿನ ರೋಮನ್ ಮುಖವೇ ಹೊರಗೆ ಬರುತ್ತದೆ. ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಟ್ಟ ಯೂನಿಕೋಡ್ 1991ರಿಂದಲೂ ಇದೆ. ವಿಂಡೋಸ್ ಎಕ್ಸ್‌ಪಿಯ ಕಾಲಕ್ಕೆ ‘ತುಂಗಾ’ ಎಂಬ ಯೂನಿಕೋಡ್ ಫಾಂಟ್ ಜೊತೆಗೇ ಬರುತ್ತಿತ್ತು. ವಿಂಡೋಸ್ 8ರಿಂದ ‘ನಿರ್ಮಲಾ’ ಬಂತು. ವಿಂಡೋಸ್ 10ರ ಹೊತ್ತಿಗೆ ತುಂಗಾ ಬೇಕಾದವರು ಕೇಳಿ ಹಾಕಿಸಿಕೊಳ್ಳುವ ಸಾಮಗ್ರಿಯಾಯಿತು. ಆದರೆ ಮುದ್ರಣದ ಅಂಗಡಿಗಳು ಪೇಜ್‌ಮೇಕರನ್ನು ನೆಚ್ಚಿಕೊಂಡು ಹಳೆಯ ದಾರಿಯಲ್ಲೇ ನಡೆದವು. ನಮ್ಮ ಕಡೆ ಇಂದಿಗೂ ನಡೆಯುತ್ತಿವೆ.

ಹುಡುಗ ಹಳೆಯ ಯಂತ್ರದಿಂದ ಫಾಂಟುಗಳನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದ. ರೋಮನ್ ಮೀಸೆಗಳೆಲ್ಲ ಉದುರಿ ಕನ್ನಡ ಮೇಲೆದ್ದು ನಿಂತಿತು. ಅವನು ಅಷ್ಟಕ್ಕೆ ಬಿಡಲಿಲ್ಲ. “ಮಾಸ್ತರೆ, ಮುಂದಿನ ಯಂತ್ರದಾಗ ಈ ಫಾಂಟ್ ಇರ್ತದೋ ಇಲ್ಲೋ, ಈಗೇ ಯೂನಿಕೋಡಿಗಿ ಹಾಕ್ಕೋರಿ” ಎಂದ. ಅವನ ಮಾತು ನಿಜ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ತೆಗೆದುಕೊಟ್ಟ. ಅರ್ಕಾವೊತ್ತು ಒಂದು ಅಕ್ಷರ ಹಿಂದೆ ಮುಂದೆ ಸರಿದಿದೆ. ಕೆಲವು ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದಿವೆ. ಸಾಲು ಸಾಲಾಗಿ ತಿದ್ದಬೇಕು. ಇಲ್ಲಿ ನಾನು ಹುಡುಗನ ಪಕ್ಷ. ಹೊಸ ಪರದೆಯನ್ನು ದೂರುತ್ತ ಹಳೆಯ ಯಂತ್ರವನ್ನೇ ಅಪ್ಪಿ ಕುಳಿತಿದ್ದರೆ, ಅದು ಸತ್ತ ದಿನ ಆ ಹಾಡುಗಳೂ ಸಾಯುತ್ತಿದ್ದವು.

ತಿದ್ದುವ ಕೆಲಸಕ್ಕೆ ದಿನ ಬಿಟ್ಟು ದಿನ ಅಂಗಡಿಗೆ ಹೋಗುತ್ತಿದ್ದೇನೆ. ಕಾಕಾ ಪರದೆಯ ಬುಡಕ್ಕೆ ಒಂದು ರಟ್ಟಿನ ಚೂರು ಅಂಟಿಸಿ, ಅದರ ಮೇಲೆ ಪೆನ್ನಿನಿಂದ ಯಾವ ಚಿತ್ರಕ್ಕೆ ಯಾವ ಕೆಲಸವೆಂದು ತಮ್ಮ ಕನ್ನಡದಲ್ಲಿ ಬರೆದುಕೊಂಡಿದ್ದಾರೆ: ಕತ್ರಿ, ಜೋಡಿ ಕಾಗದ, ಅಂಟು, ಕಸದ ಬುಟ್ಟಿ. ಬೆಳಗ್ಗೆ ಅಂಗಡಿ ತೆರೆದೊಡನೆ ಬಟನ್ನನ್ನು ಎಡಮೂಲೆಗೆ ತಂದುಕೊಳ್ಳುತ್ತಾರೆ. ಅದೊಂದು ದಾರಿಯನ್ನು ಅವರು ಎಣಿಸಿ ಕಲಿತಿದ್ದಾರೆ, ಬಲಗುಂಡಿ, ಕಡೆಯ ಸಾಲು, ಆಮೇಲೆ ಕೆಳಗೆ. ಸಂಜೆ ಕಾಲೇಜಿನಿಂದ ಬಂದ ಹುಡುಗ ಅದನ್ನು ಮತ್ತೆ ನಡುವಿಗೆ ಒಯ್ಯುತ್ತಾನೆ. ಇಬ್ಬರೂ ಈ ಬಗ್ಗೆ ಒಂದು ಮಾತೂ ಆಡುವುದಿಲ್ಲ. ನನ್ನ ಹಾಡುಗಳು ನಲವತ್ತೆರಡನೆಯ ಪುಟಕ್ಕೆ ಬಂದಿವೆ.